36 ಸ್ಯಾಟಿನ್ ಹೂವು ವಾಪಸ್ ಬಂದಾಗ: ಒಂದು ಆರ್ಡರಿನ ಪ್ರಕರಣ ಅಧ್ಯಯನ

ಭರತನಾಟ್ಯ ಕ್ಲಾಸಿನ ಮಕ್ಕಳಿಗೆ ಅಂತ ಮಾಡಿಸಿದ್ದ 36 ಸ್ಯಾಟಿನ್ ಹೂವಿನ ಕ್ಲಿಪ್ಪುಗಳು ಒಂದೇ ರಿಹರ್ಸಲ್ ಮುಗಿಯುವ ಹೊತ್ತಿಗೆ ಬಹುಪಾಲು ಹಾಳಾಗಿ, ಅಷ್ಟೂ ವಾಪಸ್ ಬಂದವು. ಮಾಡಿದವಳು ತುಮಕೂರಿನಲ್ಲಿ ನನ್ನ ಹೊಲಿಗೆ ಕ್ಲಾಸಿಗೆ ಬರುತ್ತಿದ್ದ ಹುಡುಗಿ. ಮನೆಯಲ್ಲೇ ಕೂತು ರಿಬ್ಬನ್ ಹೂವು ಮಾಡಿ ಮಾರುತ್ತಾಳೆ. ಕೈ ಬಹಳ ಅಚ್ಚುಕಟ್ಟು. ಅಷ್ಟು ದೊಡ್ಡ ಆರ್ಡರ್ ಅವಳಿಗೆ ಅದೇ ಮೊದಲು.

"ಅಂಟಿನ ಕಡ್ಡಿ ಡೂಪ್ಲಿಕೇಟ್ ಅಕ್ಕ, ಅದಕ್ಕೇ ಹಿಂಗಾಯ್ತು" ಅಂದಳು. ಡ್ಯಾನ್ಸ್ ಮೇಡಂ ಮಾತ್ರ, "ನೋಡಮ್ಮ, ಮಕ್ಕಳು ಎಳೆದಾಡಿರಬಹುದು, ಅದನ್ನ ಒಪ್ಕೋತೀನಿ. ಆದ್ರೆ ಒಂದು ಅಡವು ಮುಗಿಯೋದ್ರೊಳಗೆ ನೆಲದ ಮೇಲೆ ನಾಲ್ಕು ಹೂವು ಬಿದ್ದಿದ್ವು" ಅಂದಿದ್ದರಂತೆ. ಕಾರ್ಯಕ್ರಮಕ್ಕೆ ಇನ್ನೂ ಸಮಯ ಇತ್ತು. ಸರಿಮಾಡಿ ಕೊಟ್ಟರೆ ತೆಗೆದುಕೊಳ್ಳುತ್ತೇನೆ ಅಂತ ಮೇಡಂ ಒಪ್ಪಿದ್ದರು. ಆ ಒಂದು ಮಾತಿನಿಂದ ಈ ಹುಡುಗಿಯ ಕೆಲಸ ಉಳಿಯಿತು ಅಂತಲೇ ನನ್ನ ನಂಬಿಕೆ.

ರಿಬ್ಬನ್ ಹೂವು ಮಾಡೋದು ಹೇಗೆ ಅಂತ ತೋರಿಸುವ ವಿಡಿಯೋ ಬೇಕಾದಷ್ಟು ಸಿಗುತ್ತವೆ. ಮಾಡಿದ ಹೂವು ಯಾಕೆ ಬಿಚ್ಚಿಕೊಳ್ಳುತ್ತೆ ಅಂತ ಹೇಳುವವರು ಕಡಿಮೆ. ಈ ಆರ್ಡರಿನ ಕಥೆಯನ್ನು ಪೂರ್ತಿ ಬರೆದಿಡುತ್ತಿರುವುದು ಅದಕ್ಕೇ.

ಹೂವು ಹೇಗಿತ್ತು

ಹೊರಗಿನ ಸುತ್ತಿನಲ್ಲಿ ಎಂಟು ಕೆಂಪು ಎಸಳು, ಚೂಪು ತುದಿಯವು. ಒಳಗೆ ಐದು ಕೆನೆ ಬಣ್ಣದ ಎಸಳು, ದುಂಡನೆಯವು. ನಡುವೆ ಒಂದು ಚಿನ್ನದ ಬಣ್ಣದ ಮಣಿ. ಕೆಂಪು ಎಸಳಿಗೆ ಎರಡು ಇಂಚಿನ ರಿಬ್ಬನ್, ಕೆನೆ ಎಸಳಿಗೆ ಒಂದೂವರೆ ಇಂಚಿನದು. ಹಿಂದೆ ಟಿಕ್‌ಟಾಕ್ ಕ್ಲಿಪ್. ಒತ್ತಿದರೆ ಟಕ್ ಅಂತ ಮುಚ್ಚಿಕೊಳ್ಳುವ, ಸ್ಕೂಲ್ ಮಕ್ಕಳ ತಲೆಯಲ್ಲಿ ದಿನಾ ಕಾಣುವ ಕ್ಲಿಪ್ಪೇ ಅದು. ಎಲ್ಲವನ್ನೂ ಹಿಡಿದಿಟ್ಟಿದ್ದು ಬಿಸಿ ಅಂಟು ಒಂದೇ, ಗ್ಲೂ ಗನ್ನಿನಲ್ಲಿ ಕಡ್ಡಿ ಕರಗಿಸಿ ಹಾಕುವಂಥದ್ದು. ಎಲ್ಲೂ ಒಂದು ಹೊಲಿಗೆ ಇರಲಿಲ್ಲ.

ಎಸಳು ಮಡಿಸುವ ಈ ರೀತಿ ಜಪಾನಿನಿಂದ ಬಂದಿದ್ದು. ಅಲ್ಲಿ ಇದಕ್ಕೆ ತ್ಸುಮಾಮಿ ಅಂತಾರೆ. ಎಡೋ ಕಾಲದಿಂದ (1603ರಿಂದ 1868) ನಡೆದು ಬಂದ ಕೈಕೆಲಸ. ಕ್ಯೋಟೋದ ಮೈಕೋ ಹುಡುಗಿಯರು, ಅಂದರೆ ಗೇಷಾ ಆಗಲು ಕಲಿಯುತ್ತಿರುವವರು, ಇವತ್ತಿಗೂ ತಿಂಗಳಿಗೊಂದು ಬಗೆಯ ಹೂವು ಮುಡಿಯುತ್ತಾರೆ. ಏಪ್ರಿಲ್‌ಗೆ ಚೆರಿ, ಮೇ ತಿಂಗಳಿಗೆ ವಿಸ್ಟೀರಿಯಾ, ಹೀಗೆ. ಆದರೆ ಅವರದು ತೆಳು ರೇಷ್ಮೆ. ರೇಷ್ಮೆ ಬೆಂಕಿಗೆ ಕರಗಲ್ಲ, ಸುಡುತ್ತೆ. ಹಾಗಾಗಿ ಅವರು ಮೇಣದಬತ್ತಿ ಮುಟ್ಟುವುದೇ ಇಲ್ಲ. ಹಲಗೆ ಮೇಲೆ ಅಕ್ಕಿ ಗಂಜಿಯ ಅಂಟು ಹರಡಿ, ಮಡಿಸಿದ ಎಸಳನ್ನು ಅದರಲ್ಲಿ ನಿಲ್ಲಿಸುತ್ತಾರೆ. ಅಂಟು ಎಸಳಿನ ಬುಡಕ್ಕೆ ಹೀರಿಕೊಂಡ ಮೇಲೆ ಒಂದೊಂದೇ ಎತ್ತಿ ಜೋಡಿಸುತ್ತಾರೆ. ಮಡಿಕೆಯ ಒಳಗಿನ ಪದರಕ್ಕೂ ಅಂಟು ಹೋಗಿರುತ್ತೆ. ನಮ್ಮ ಅಂಗಡಿಗಳಲ್ಲಿ ಸಿಗುವ ಸ್ಯಾಟಿನ್ ರಿಬ್ಬನ್ ಸಾಮಾನ್ಯವಾಗಿ ಪಾಲಿಯೆಸ್ಟರ್. ಬಿಸಿಗೆ ಕರಗುತ್ತೆ. ಆದ್ದರಿಂದ ನಾವು ಬುಡವನ್ನು ಬೆಂಕಿಯಲ್ಲಿ ಬೆಸೆಯುತ್ತೇವೆ. ಕೆಲಸ ಬೇಗ ಆಗುತ್ತೆ, ನಿಜ. ಒಳಗಿನ ಪದರಕ್ಕೂ ಬಿಸಿ ತಲುಪಿತಾ ಅಂತ ನೋಡುವ ಜವಾಬ್ದಾರಿ ನಮ್ಮ ಕೈ ಮೇಲೆ ಬೀಳುತ್ತೆ. ಇದು ಮುಂದೆ ಮತ್ತೆ ಬರುತ್ತೆ.

ಮೊದಲು ಎಣಿಸಿದ್ದು

ಅಂಟಿನ ಕಡ್ಡಿಯನ್ನು ಬೈಯುವ ಮೊದಲು ವಾಪಸ್ ಬಂದ ಹೂವುಗಳನ್ನು ಕತ್ತರಿಸುವ ಟೇಬಲ್ ಮೇಲೆ ಹರಡಿಸಿದೆ. ಒಂದೊಂದರಲ್ಲಿ ಏನು ಕೆಟ್ಟಿದೆ ಅಂತ ಅವಳ ಕೈಯಲ್ಲೇ ಬರೆಸಿದೆ. ಕ್ಲಿಪ್ಪಿನಿಂದ ಕಳಚಿದವು 17. ಎಸಳಿನ ಅಂಚಿನಲ್ಲಿ ನೂಲು ಬಿಚ್ಚಿದವು 14. ಎಸಳಿನ ಮಡಿಕೆ ಬಿಟ್ಟುಹೋದವು 8. ಕೆಲವಕ್ಕೆ ಎರಡೆರಡು ತೊಂದರೆ. ಏನೂ ಆಗದೆ ಉಳಿದವು ಆರೇ ಆರು.

ಎಲ್ಲವೂ ಒಂದೇ ಕಾರಣಕ್ಕೆ ಕೆಟ್ಟಿದ್ದರೆ ಪಟ್ಟಿ ಹೀಗೆ ಇರುತ್ತಿರಲಿಲ್ಲ. ಅಂಟು ಕೆಟ್ಟಿದ್ದರೆ ನೂಲು ಯಾಕೆ ಬಿಚ್ಚಬೇಕು, ಅಲ್ವಾ?

14 ಅನ್ನುವ ಲೆಕ್ಕ

ನೂಲು ಬಿಚ್ಚಿದ 14 ಹೂವುಗಳನ್ನು ಬೇರೆ ಇಟ್ಟು ನೋಡಿದರೆ ಕೆಂಪು ಒಂಚೂರು ಬೇರೆ ಇತ್ತು. ಮನೆಯೊಳಗೆ ಟ್ಯೂಬ್‌ಲೈಟ್ ಕೆಳಗೆ ಗೊತ್ತಾಗುತ್ತಿರಲಿಲ್ಲ. ಬಾಗಿಲಿಗೆ ತಂದಾಗ ಕಂಡಿತು. ಉಳಿದ 22ರ ಕೆಂಪಿಗೆ ಹೊಳಪು ಕಮ್ಮಿ, ಮೈ ದಪ್ಪ. ಈ 14ರ ಬಟ್ಟೆ ತೆಳುವು, ಕೈಗೆ ಜಾರುತ್ತೆ.

"ರಿಬ್ಬನ್ ಎಷ್ಟು ತಂದಿದ್ದೆ?" ಅಂತ ಕೇಳಿದೆ. ಒಂದು ರೋಲ್. ಹತ್ತು ಗಜದ್ದು, ಅಂದರೆ 9 ಮೀಟರಿಗಿಂತ ಸ್ವಲ್ಪ ಜಾಸ್ತಿ. 5 ಸೆಂಟಿಮೀಟರಿನ ಚೌಕ ಕತ್ತರಿಸಿದರೆ ಅದರಿಂದ 182 ಬರುತ್ತವೆ. ಹೂವಿಗೆ ಎಂಟರಂತೆ 22 ಹೂವಾಗಿ ಆರು ಚೌಕ ಉಳಿಯುತ್ತವೆ. 36 ಹೂವಿಗೆ ಬೇಕಿದ್ದಿದ್ದು 288 ಚೌಕ, ಅಂದರೆ 14 ಮೀಟರ್ 40 ಸೆಂಟಿಮೀಟರ್. ಒಂದು ರೋಲಿನಲ್ಲಿ ಅದು ಆಗುವ ಮಾತೇ ಅಲ್ಲ.

ರೋಲ್ ಮುಗಿದಾಗ ಊರಿನ ಅಂಗಡಿಯಲ್ಲಿ ಅದೇ ಕೆಂಪು ಸಿಗಲಿಲ್ಲ. ಬೆಂಗಳೂರಿಗೆ ಹೋಗಿ ಮಾಮೂಲ್‌ಪೇಟೆ ಸುತ್ತೋದಕ್ಕೆ ಹೊತ್ತಿರಲಿಲ್ಲ. ಲೈನಿಂಗ್ ಬಟ್ಟೆ ಮಾರುವ ಅಂಗಡಿಯಿಂದ ಕೆಂಪು ಸ್ಯಾಟಿನ್ ಬಟ್ಟೆ ಅರ್ಧ ಮೀಟರ್ ತಂದು ಚೌಕ ಕತ್ತರಿಸಿಕೊಂಡಳು. ಬಣ್ಣ ಹೊಂದಿತು ಅನ್ನಿಸಿತು, ಮಾಡಿ ಮುಗಿಸಿದಳು.

ರಿಬ್ಬನ್ನಿನ ಚೌಕಕ್ಕೂ ಬಟ್ಟೆಯ ಚೌಕಕ್ಕೂ ಇರುವ ವ್ಯತ್ಯಾಸ ಇಲ್ಲೇ ಇರೋದು. ರಿಬ್ಬನ್ನಿನ ಎರಡು ಬದಿ ಮಗ್ಗದಲ್ಲೇ ಕಟ್ಟಿಕೊಂಡು ಬಂದ ಅಂಚು. ಅದು ಬಿಚ್ಚಲ್ಲ. ಕತ್ತರಿ ಆಡಿದ ಎರಡು ಬದಿಗೆ ಮಾತ್ರ ಬೆಂಕಿ ತೋರಿಸಿದರೆ ಸಾಕು. ಬಟ್ಟೆಯಿಂದ ಕತ್ತರಿಸಿದ ಚೌಕಕ್ಕೆ ನಾಲ್ಕೂ ಬದಿ ಹಸಿ. ಅವಳ ಕೈಗೆ ಎರಡು ಬದಿ ಸುಡುವ ಅಭ್ಯಾಸ ಕೂತುಬಿಟ್ಟಿತ್ತು. ಬಟ್ಟೆಗೂ ಹಾಗೇ ಮಾಡಿದಳು. ಉಳಿದ ಎರಡು ಬದಿ ಹಾಗೇ ಮಡಿಕೆಯೊಳಗೆ ಸೇರಿದವು.

ಸ್ಯಾಟಿನ್ ಬೇರೆ ನೇಯ್ಗೆಗಿಂತ ಬೇಗ ಬಿಚ್ಚುತ್ತೆ. ಸಾದಾ ನೇಯ್ಗೆಯಲ್ಲಿ ಹಾಸು ಹೊಕ್ಕು ಒಂದು ಬಿಟ್ಟು ಒಂದು ಹೆಣೆದುಕೊಂಡಿರುತ್ತವೆ. ಸ್ಯಾಟಿನ್ನಿನಲ್ಲಿ ಒಂದು ಎಳೆ ನಾಲ್ಕೋ ಅದಕ್ಕಿಂತ ಜಾಸ್ತಿಯೋ ಎಳೆಗಳ ಮೇಲೆ ಹಾಗೇ ತೇಲಿಕೊಂಡು ಹೋಗಿ ಆಮೇಲೆ ಕೆಳಗಿಳಿಯುತ್ತೆ. ಹೊಳಪು ಬರುವುದು ಅದರಿಂದಲೇ. ಹಿಡಿತ ಕಮ್ಮಿಯಾಗುವುದೂ ಅದರಿಂದಲೇ. ಸೂಜಿಯಲ್ಲಿ ಅಂಚಿನ ಒಂದು ನೂಲು ಎತ್ತಿದೆ, ಪಕ್ಕದ್ದು ತಾನಾಗೇ ಹಿಂದೆ ಬಂತು.

ಇದು ಅಂಟಿನ ತಪ್ಪಲ್ಲ, ಕೈಯ ತಪ್ಪೂ ಅಲ್ಲ ಅಂತ ಅವಳಿಗೆ ಹೇಳಿದೆ. ಆರ್ಡರ್ ಒಪ್ಪಿಕೊಂಡ ದಿನ ಚೌಕದ ಲೆಕ್ಕ ಹಾಕಿದ್ದರೆ ಎರಡು ರೋಲ್ ಒಟ್ಟಿಗೇ ತರುತ್ತಿದ್ದಳು. ಒಂದೇ ಅಂಗಡಿ, ಒಂದೇ ಬಣ್ಣ, ಒಂದೇ ದಿನದ ಖರೀದಿ. ಆಮೇಲೆ ತಂದ ರೋಲಿನ ಬಣ್ಣ ಮೊದಲಿನದಕ್ಕೆ ಹೊಂದುತ್ತೆ ಅಂತ ನಂಬುವ ಹಾಗಿಲ್ಲ. ಬಣ್ಣ ಹಾಕುವಾಗ ಒಂದು ಸಲದಿಂದ ಇನ್ನೊಂದು ಸಲಕ್ಕೆ ಛಾಯೆ ಬದಲಾಗುತ್ತೆ.

ಕ್ಲಿಪ್ ಯಾಕೆ ಕಳಚಿತು

ನನಗೆ ಬಹಳ ಕುತೂಹಲ ಹುಟ್ಟಿಸಿದ್ದು ಈ 17. ಕಳಚಿದ ಹೂವನ್ನು ತಿರುಗಿಸಿ ಹಿಂಬದಿ ನೋಡಿದೆ. ಅಂಟು ಪೂರ್ತಿ ಹೂವಿನ ಬೆನ್ನಿಗೇ ಕೂತಿತ್ತು. ಕ್ಲಿಪ್ಪಿನ ಆಕಾರ ಅದರಲ್ಲಿ ಅಚ್ಚು ಒತ್ತಿದ ಹಾಗೆ ಮೂಡಿತ್ತು. ಕ್ಲಿಪ್ಪಿನ ಬುಡದಲ್ಲಿರುವ ಪುಟ್ಟ ತೂತು ಕೂಡ ಅಂಟಿನಲ್ಲಿ ಒಂದು ಮೊಳೆಯ ಹಾಗೆ ಎದ್ದು ನಿಂತಿತ್ತು. ಆ ಮೈ ನುಣ್ಣಗೆ ಹೊಳೆಯುತ್ತಿತ್ತು. ಕ್ಲಿಪ್ಪಿನ ಕಡೆ ನೋಡಿದರೆ ಒಂದು ಚೂರೂ ಅಂಟಿಲ್ಲ, ಹೊಸ ಕ್ಲಿಪ್ಪಿನ ಹಾಗೆ ಶುಭ್ರ.

ಅಂಟಿಗೇ ಬಲ ಇಲ್ಲದಿದ್ದರೆ ಅದು ನಡುವೆಯೇ ಹರಿದು ಎರಡೂ ಕಡೆ ಚೂರು ಉಳಿಯುವ ಸಾಧ್ಯತೆ ಜಾಸ್ತಿ. ಇಲ್ಲಿ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದಿದೆ, ಲೋಹವನ್ನು ಹಿಡಿದೇ ಇಲ್ಲ. ಬಿಸಿ ಅಂಟು ಬಟ್ಟೆಯ ನೂಲಿನ ಸಂದಿಗೆ ಇಳಿದು ಆರಿದಾಗ ಬೇರು ಬಿಡುತ್ತೆ. ನುಣುಪಾದ ಉಕ್ಕಿನ ಮೇಲೆ ಇಳಿಯೋದಕ್ಕೆ ಸಂದಿಯೇ ಇಲ್ಲ. ಮೇಲಾಗಿ ತಣ್ಣಗಿನ ಲೋಹ ಮುಟ್ಟಿದ ತಕ್ಷಣ ಅಂಟಿನ ಬಿಸಿ ಎಳೆದುಕೊಳ್ಳುತ್ತೆ. ಹರಡುವ ಮೊದಲೇ ಅಂಟು ಹೆಪ್ಪುಗಟ್ಟುತ್ತೆ.

ಇದರ ಜೊತೆಗೆ ಟಿಕ್‌ಟಾಕ್ ಕ್ಲಿಪ್ಪಿನ ಗುಣ ಒಂದಿದೆ. ಅದು ತೆಗೆಯುವಾಗಲೂ ಹಾಕುವಾಗಲೂ ಬಾಗುತ್ತೆ. ಆ ಟಕ್ ಅನ್ನುವ ಸದ್ದೇ ತಗಡು ಒಂದು ಬಾಗಿನಿಂದ ಇನ್ನೊಂದು ಬಾಗಿಗೆ ಹೊರಳುವ ಸದ್ದು. ಅಂಥ ತಗಡಿನ ಉದ್ದಕ್ಕೂ ಅಂಟು ಬಳಿದರೆ ಪ್ರತಿ ಸಲ ಕ್ಲಿಪ್ ತೆಗೆದಾಗಲೂ ನಾವೇ ಅಂಟನ್ನು ಎಬ್ಬಿಸಿದ ಹಾಗೆ. ಸಣ್ಣ ಒಂದೆಸಳಿನ ಹೂವಿಗೆ ಪರವಾಗಿಲ್ಲ. ಹದಿಮೂರು ಎಸಳು, ಮೇಲೊಂದು ಮಣಿ ಇರುವ ಹೂವಿಗೆ ಈ ಕ್ಲಿಪ್ ಸರಿಹೋಗಲ್ಲ ಅಂತ ನಾನು ಖಚಿತವಾಗಿ ಹೇಳುತ್ತೇನೆ.

ಎಣ್ಣೆಯ ವಿಷಯವೂ ಇತ್ತು. ಡ್ಯಾನ್ಸ್ ಮಕ್ಕಳಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಒಂದು ಕೂದಲೂ ಹಾರದ ಹಾಗೆ ಬಾಚಿ, ಬಿಗಿಯಾಗಿ ಜಡೆ ಹಾಕಿರುತ್ತಾರೆ. ಕುಣಿಯುವಾಗ ಬೆವರು ಬೇರೆ. ಮೊದಲೇ ಅರ್ಧ ಎದ್ದಿದ್ದ ಅಂಟಿನ ಅಡಿಗೆ ಎಣ್ಣೆ ನುಗ್ಗಿದ ಗುರುತು ನಾಲ್ಕೈದು ಹೂವಿನಲ್ಲಿ ಸ್ಪಷ್ಟವಾಗಿ ಕಂಡಿತು. ಎಣ್ಣೆ ಹೊಕ್ಕ ಕಡೆ ಉಗುರು ಹಾಕಿದರೆ ಅಂಟು ಬಿಲ್ಲೆಯ ಹಾಗೆ ಎದ್ದು ಬರುತ್ತಿತ್ತು.

ಬಿಸಿಲನ್ನೂ ಮರೆಯುವ ಹಾಗಿಲ್ಲ. ಬಿಸಿಯಿಂದ ಹಿಡಿದ ಅಂಟು ಬಿಸಿಗೇ ಬಿಡುತ್ತೆ. ಒಂದು ಒಳ್ಳೆಯ ಹೂವನ್ನು ಸ್ಟೀಲ್ ತಟ್ಟೆಯಲ್ಲಿ ಹಾಕಿ ಮಧ್ಯಾಹ್ನದ ಬಿಸಿಲಿಗೆ ಟೆರೇಸ್ ಮೇಲೆ ಇಟ್ಟೆವು. ಊಟ ಮುಗಿಸಿ ಬಂದು ಎತ್ತಿದಾಗ ಅಂಟು ಮೆತ್ತಗಾಗಿ ಕ್ಲಿಪ್ ಪಕ್ಕಕ್ಕೆ ಜರುಗಿತು. ಕಿಟಕಿ ಮುಚ್ಚಿದ ವ್ಯಾನಿನಲ್ಲಿ ಡಬ್ಬ ಬಿಟ್ಟರೂ ಇದೇ ಗತಿ. ಈ ಆರ್ಡರಿನಲ್ಲಿ ಹಾಗೇನೂ ಆಗಿರಲಿಲ್ಲ. ಮುಂದೆ ಆಗಬಾರದು ಅಂತ ನೋಡಿದ್ದು.

ಮಡಿಕೆ ಬಿಟ್ಟ ಎಂಟು

ಇದನ್ನು ಹತ್ತಿರದಿಂದ ನೋಡಬೇಕು. ಚೂಪು ಎಸಳು ಮಾಡುವಾಗ ಚೌಕವನ್ನು ಮೂಲೆಯಿಂದ ಮೂಲೆಗೆ ಮಡಿಸುತ್ತೇವೆ, ಎರಡು ಪದರ. ಮತ್ತೆ ಅರ್ಧಕ್ಕೆ, ನಾಲ್ಕು. ಇನ್ನೊಮ್ಮೆ ಅರ್ಧಕ್ಕೆ, ಎಂಟು. ಆಮೇಲೆ ಬುಡವನ್ನು ಓರೆಯಾಗಿ ಕತ್ತರಿಸಿ ಬೆಂಕಿಗೆ ತೋರಿಸುತ್ತೇವೆ. ಎಂಟೂ ಪದರ ಒಂದಾಗಿ ಬೆಸೆಯಬೇಕು.

ಅವಳ ಕೈಯಲ್ಲಿ ಮಾಡಿಸಿ ನೋಡಿದೆ. ಎಸಳನ್ನು ಬೆರಳಲ್ಲಿ ಹಿಡಿದು, ಬುಡವನ್ನು ಮೇಣದಬತ್ತಿಯ ಹಳದಿ ತುದಿಯ ಮೇಲೆ ಒಮ್ಮೆ ಆಡಿಸಿ ತೆಗೆದುಬಿಡುತ್ತಿದ್ದಳು. ಬೆರಳು ಸುಡುತ್ತೆ ಅನ್ನುವ ಭಯ. ಹೊರಗಿನ ಎರಡು ಪದರ ಕರಗಿ ಹೊಳೆಯುವ ಗೆರೆ ಬರುತ್ತಿತ್ತು. ನೋಡೋದಕ್ಕೆ ಬೆಸೆದ ಹಾಗೇ ಕಾಣುತ್ತೆ. ಸೂಜಿ ಮೊನೆಯಲ್ಲಿ ಬಿಡಿಸಿದರೆ ಒಳಗಿನ ಪದರಗಳು ಬೇರೆಬೇರೆಯಾಗೇ ಇದ್ದವು. ಅಂಥ ಎಸಳು ಅಂಟಿನ ಬಲದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೆ. ಜಗ್ಗಿದಾಗ ಒಳಗಿಂದ ಬಿಚ್ಚಿಕೊಳ್ಳುತ್ತೆ.

ಇದಕ್ಕೆ ಬೇಕಾದ್ದು ಒಂದು ಚಿಮಟ. ಬುಡಕ್ಕೆ ತೀರಾ ಹತ್ತಿರ, ಕತ್ತರಿಸಿದ ಗೆರೆಯಿಂದ ಒಂದೆರಡು ಮಿಲಿಮೀಟರ್ ಮಾತ್ರ ಬಿಟ್ಟು, ಚಿಮಟದಿಂದ ಅದುಮಿ ಹಿಡಿಯಬೇಕು. ಜ್ವಾಲೆಯ ತುದಿಗೆ ಹಿಡಿದರೆ ಮಸಿ ಹತ್ತುತ್ತೆ, ಕೆನೆ ಬಣ್ಣ ಕಪ್ಪಾಗುತ್ತೆ. ಬತ್ತಿಯ ಬುಡದ ನೀಲಿ ಭಾಗದ ಪಕ್ಕಕ್ಕೆ ತರಬೇಕು. ಕರಗಿದ ತಕ್ಷಣ ಹೊರಗೆ ತೆಗೆದು, ಚಿಮಟವನ್ನು ಸಡಿಲಿಸದೆ, ಬಿಸಿ ಇರುವಾಗಲೇ ಗೆರೆಯ ಮೇಲೆ ಇನ್ನೊಮ್ಮೆ ಒತ್ತಬೇಕು. ಈ ಒತ್ತುವುದರಲ್ಲೇ ಎಲ್ಲಾ ಇರೋದು. ಬೆಂಕಿ ಕರಗಿಸುತ್ತೆ ಅಷ್ಟೇ, ಪದರಗಳನ್ನು ಸೇರಿಸುವುದು ಒತ್ತಡ. ಬೆರಳಿನಿಂದ ಒತ್ತಬಾರದು. ಕರಗಿದ ಪಾಲಿಯೆಸ್ಟರ್ ಚರ್ಮಕ್ಕೆ ಅಂಟಿಕೊಂಡು ಸುಡುತ್ತೆ. ಹಾಗೇನಾದರೂ ಆದರೆ ಕಿತ್ತು ತೆಗೆಯಲು ಹೋಗಬೇಡಿ, ಹರಿಯುವ ತಣ್ಣೀರಿನ ಕೆಳಗೆ ಕೈ ಹಿಡಿಯಿರಿ, ಜಾಸ್ತಿ ಸುಟ್ಟಿದ್ದರೆ ಡಾಕ್ಟರಿಗೆ ತೋರಿಸಿ. ಕೆಲಸ ಮಾಡುವಾಗ ಫ್ಯಾನ್ ಆಫ್ ಇರಲಿ. ಜಡೆ ಹಿಂದಕ್ಕಿರಲಿ, ದುಪಟ್ಟಾ ಬೇಡ.

ಜಾಸ್ತಿ ಕರಗಿಸಿದರೂ ತೊಂದರೆಯೇ. ಬುಡದಲ್ಲಿ ಗಟ್ಟಿ ಉಂಡೆ ಕಟ್ಟುತ್ತೆ, ಸೂಜಿ ಹೋಗಲ್ಲ, ಮಕ್ಕಳ ನೆತ್ತಿಗೆ ಚುಚ್ಚುತ್ತೆ.

ಹೊಸ ರಿಬ್ಬನ್ ತಂದಾಗ ಒಂದು ತುಂಡು ಸುಟ್ಟು ನೋಡುವುದು ಒಳ್ಳೆಯದು. ಪಾಲಿಯೆಸ್ಟರ್ ಆದರೆ ಜ್ವಾಲೆಯಿಂದ ಹಿಂದೆ ಸರಿದು ಮುದುಡುತ್ತೆ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತೆ. ರೇಯಾನ್ ಆದರೆ ಕಾಗದದ ಹಾಗೆ ಉರಿದು ಬೂದಿಯಾಗುತ್ತೆ. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ. ಮೊದಲನೆಯದನ್ನು ಮಾತ್ರ ಬೆಂಕಿಯಲ್ಲಿ ಬೆಸೆಯೋದಕ್ಕೆ ಆಗುತ್ತೆ.

ಮತ್ತೆ ಕಟ್ಟಿದ್ದು

ಚೆನ್ನಾಗಿದ್ದ ಆರನ್ನೂ ಸೇರಿಸಿ ಎಲ್ಲವನ್ನೂ ಬಿಚ್ಚಿದೆವು. ಈ ಆರನ್ನು ಹಾಗೇ ಬಿಡೋಣ ಅಂತ ಅವಳಿಗೆ ಆಸೆ ಇತ್ತು. ನಾನು ಒಪ್ಪಲಿಲ್ಲ. ಅವು ಬಿದ್ದಿಲ್ಲ ಅಷ್ಟೇ, ಬೇರೆ ರೀತಿಯಲ್ಲಿ ಮಾಡಿದವಲ್ಲ.

ಬಟ್ಟೆಯ ಎಸಳುಗಳನ್ನು ಪೂರ್ತಿ ಬಿಟ್ಟೆವು. ಕೆಂಪಿನ ಹೊಸ ರೋಲ್ ಎರಡು ತಂದು, 36ಕ್ಕೂ ಹೊರಗಿನ ಸುತ್ತನ್ನು ಹೊಸದಾಗಿ ಮಾಡಿದಳು. ಕೆನೆ ಎಸಳು ಬಹಳಷ್ಟು ಉಳಿದವು.

ಎಸಳುಗಳನ್ನು ಅಂಟಿನಿಂದ ಪಕ್ಕಪಕ್ಕಕ್ಕೆ ಕೂರಿಸುವುದನ್ನು ನಿಲ್ಲಿಸಿದಳು. ಜೋಡಿ ದಾರ ಪೋಣಿಸಿದ ಸೂಜಿಯನ್ನು ಎಂಟೂ ಎಸಳಿನ ಬುಡದ ಮೂಲಕ ದಾಟಿಸಿ, ಹೂಮಾಲೆ ಬಿಗಿಯುವ ಹಾಗೆ ಎಳೆದು ಗಂಟು ಹಾಕಿದರೆ ಸುತ್ತು ತಾನಾಗೇ ದುಂಡಗೆ ಕೂರುತ್ತೆ. ಅಂಟು ಸೋತರೂ ದಾರ ಬಿಡಲ್ಲ. ದಾರ ಬುಡದ ಬೆಸುಗೆಗಿಂತ ಒಂಚೂರು ಮೇಲೆ, ಬಟ್ಟೆಯ ಮೂಲಕವೇ ಹೋಗಬೇಕು. ಕರಗಿ ಗಟ್ಟಿಯಾದ ಗೆರೆಯಲ್ಲಿ ಚುಚ್ಚಿದರೆ ಅದು ಸೀಳುತ್ತೆ. ಕೆನೆ ಸುತ್ತನ್ನೂ ಹೀಗೇ ಪೋಣಿಸಿ, ಕೆಂಪಿನ ಮೇಲಿಟ್ಟು, ನಡುವೆ ಮಣಿಯನ್ನು ಹೊಲಿಗೆಯಿಂದಲೇ ಕೂರಿಸಿದಳು.

ಹಿಂದೆ ಫೆಲ್ಟ್ ಬಟ್ಟೆಯ ಬಿಲ್ಲೆ. ಹೂವಿಗೂ ಬಿಲ್ಲೆಗೂ ನಡುವೆ ಬಿಸಿ ಅಂಟು, ಸುತ್ತ ನಾಲ್ಕು ಹೊಲಿಗೆ. ಫೆಲ್ಟ್ ಒರಟು, ಅಂಟನ್ನು ಚೆನ್ನಾಗಿ ಕುಡಿಯುತ್ತೆ.

ಟಿಕ್‌ಟಾಕ್ ಬದಲು ಅಲಿಗೇಟರ್ ಕ್ಲಿಪ್ ತಂದಳು. ಅದರ ಮೇಲಿನ ತೋಳು ಬಾಗಲ್ಲ, ಸ್ಪ್ರಿಂಗಿನ ಮೇಲೆ ಏಳುತ್ತೆ ಅಷ್ಟೇ. ಆ ತೋಳಿಗೆ ಸಣ್ಣ ರಿಬ್ಬನ್ ಬಿಗಿಯಾಗಿ ಸುತ್ತಿ ಅಂಟಿಸಿದಳು. ಇನ್ನು ಅಂಟು ಹಿಡಿಯಬೇಕಾದ್ದು ಬಟ್ಟೆಯನ್ನು, ಲೋಹವನ್ನಲ್ಲ. ಆಮೇಲೆ ತೋಳಿನ ಸುತ್ತ ಫೆಲ್ಟ್ ಸೇರಿಸಿ ದಾರ ಹಾಯಿಸಿದಳು. ಈಗ ಅಂಟು ಪೂರ್ತಿ ಬಿಟ್ಟರೂ ಹೂವು ಕ್ಲಿಪ್ಪಿನಲ್ಲೇ ನೇತಾಡುತ್ತೆ, ನೆಲಕ್ಕೆ ಬೀಳಲ್ಲ.

ಮೇಡಂ ಹೇಳಿದ್ದ ಇನ್ನೊಂದು ದೂರು ನಮ್ಮ ಪಟ್ಟಿಯಲ್ಲಿ ಬಂದಿರಲಿಲ್ಲ. ಹೂವು ಕ್ಲಿಪ್ಪಿನಲ್ಲಿ ಸರಿಯಾಗೇ ಇದ್ದರೂ, ಎಣ್ಣೆ ಕೂದಲಲ್ಲಿ ಕ್ಲಿಪ್ಪೇ ಜಾರುತ್ತಿತ್ತಂತೆ, ಅದರಲ್ಲೂ ಚಿಕ್ಕ ಮಕ್ಕಳ ತೆಳು ಕೂದಲಲ್ಲಿ. ಹಲ್ಲಿರುವ ಅಲಿಗೇಟರ್ ಕ್ಲಿಪ್ಪಿನಿಂದ ಅರ್ಧ ಸರಿಹೋಯಿತು. ಉಳಿದ ಅರ್ಧಕ್ಕೆ ಅವಳೇ ಉಪಾಯ ಹುಡುಕಿದಳು. ಫೆಲ್ಟಿನ ಎರಡು ಬದಿಗೆ ದಾರದಲ್ಲಿ ಪುಟ್ಟ ಕುಣಿಕೆ ಹೊಲಿದಳು. ಡ್ಯಾನ್ಸ್ ಅಲಂಕಾರ ಮಾಡುವವರ ಹತ್ತಿರ ಯು ಪಿನ್ನು ಯಾವಾಗಲೂ ಇರುತ್ತೆ, ಕುಣಿಕೆಯಲ್ಲಿ ತೂರಿಸಿ ಜಡೆಗೆ ಚುಚ್ಚಿದರೆ ಆಯಿತು. ಈ ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಮುಡಿಯುವವರ ತಲೆಯನ್ನು ನೆನೆದು ಮಾಡಿದ ಕೆಲಸ.

ಕೊಡುವ ಮೊದಲು ಪ್ರತಿ ಹೂವಿನ ಒಂದೊಂದು ಎಸಳನ್ನೂ ಚಿಮಟದಲ್ಲಿ ಹಿಡಿದು ಜಗ್ಗಿದಳು. ಕ್ಲಿಪ್ಪನ್ನು ಮತ್ತೆ ಮತ್ತೆ ತೆಗೆದು ಹಾಕಿದಳು. ಒಂದನ್ನು ನನ್ನ ಎಣ್ಣೆ ತಲೆಗೆ ಸಿಕ್ಕಿಸಿ ಸಂಜೆವರೆಗೂ ಬಿಟ್ಟೆವು.

ಆಮೇಲೆ

ಕಾರ್ಯಕ್ರಮ ಮುಗಿಯಿತು. ಹೂವು ಬಿದ್ದ ಸುದ್ದಿ ಬರಲಿಲ್ಲ. ಮಾತಾದಷ್ಟು ದುಡ್ಡು ಮೇಡಂ ಪೂರ್ತಿ ಕೊಟ್ಟರು. ಎರಡು ಸಲದ ಸಾಮಾನು, ಎರಡು ಸಲದ ದುಡಿಮೆ ಕಳೆದರೆ ಅವಳಿಗೆ ಈ ಆರ್ಡರಿನಲ್ಲಿ ಏನೂ ಉಳಿಯಲಿಲ್ಲ.

ಹೊಸ ರೀತಿಯಲ್ಲಿ ಒಂದು ಹೂವಿಗೆ ಹತ್ತು ನಿಮಿಷದಷ್ಟು ಜಾಸ್ತಿ ಹಿಡಿಯುತ್ತೆ. 36 ಹೂವಿಗೆ ಅದು ಆರು ಗಂಟೆ. ಈ ಆರು ಗಂಟೆಯನ್ನು ಬೆಲೆಯಲ್ಲಿ ಸೇರಿಸು ಅಂತ ಹೇಳಿ ಹೇಳಿ ನನಗೆ ಸಾಕಾಯಿತು. "ಜಾಸ್ತಿ ಕೇಳಿದ್ರೆ ಬೇರೆಯವರ ಹತ್ರ ಹೋಗ್ತಾರೆ ಅಕ್ಕ" ಅಂತಾಳೆ. ಮನೆಯಲ್ಲಿ ಕೂತು ದುಡಿಯುವ ಹೆಣ್ಣುಮಕ್ಕಳು ರಿಬ್ಬನ್ನಿಗೆ, ಕ್ಲಿಪ್ಪಿಗೆ, ಅಂಟಿಗೆ ಲೆಕ್ಕ ಇಡುತ್ತಾರೆ, ತಮ್ಮ ಕೈಗೆ ಇಡುವುದಿಲ್ಲ. ನನಗೆ ಇದರ ಬಗ್ಗೆ ನಿಜವಾಗಿ ಸಂಕಟ ಇದೆ. ಕೊನೆಗೆ ಒಂದು ದಾರಿ ಕಂಡಿತು. ಅವಳು ಈಗ ಗಿರಾಕಿಗೆ ಎರಡು ಹೂವು ತೋರಿಸುತ್ತಾಳೆ, ಮೇಲಿನಿಂದ ಅಲ್ಲ, ತಿರುಗಿಸಿ. ಒಂದು ಬರೀ ಅಂಟಿನದು, ಒಂದು ಹೊಲಿದದ್ದು. ಎರಡಕ್ಕೂ ಬೇರೆಬೇರೆ ಬೆಲೆ. ಹಿಂಬದಿ ನೋಡಿದವರು ಸಾಮಾನ್ಯವಾಗಿ ಹೊಲಿದದ್ದನ್ನೇ ಕೇಳುತ್ತಾರೆ. ಹುಟ್ಟುಹಬ್ಬಕ್ಕೆ ಒಂದು ದಿನ ಮುಡಿದು ಬಿಡುವವರಿಗೆ ಅಂಟಿನದೂ ಸಾಕು, ಅದರಲ್ಲಿ ತಪ್ಪೇನಿಲ್ಲ.

ಆರ್ಡರ್ ಬಂದ ತಕ್ಷಣ ಅವಳು ಈಗ ಮೊದಲು ಬರೆಯುವುದು ಚೌಕದ ಲೆಕ್ಕ. ಎಸಳು ಎಷ್ಟು, ಚೌಕ ಎಷ್ಟು ಸೆಂಟಿಮೀಟರ್, ರೋಲ್ ಎಷ್ಟು. ಹತ್ತಕ್ಕೊಂದು ಚೌಕ ಹಾಳಾಗುತ್ತೆ ಅಂತ ಸೇರಿಸಿಕೊಂಡು, ಅದರ ಪ್ರಕಾರ ಮುಂಗಡ ಕೇಳುತ್ತಾಳೆ.

ಬಗೆಹರಿಯದೆ ಉಳಿದಿದ್ದು ಒಂದಿದೆ, ಎಣ್ಣೆಯ ಕಲೆ. ಕೆಂಪಿನಲ್ಲಿ ಅಷ್ಟಾಗಿ ಕಾಣಲ್ಲ. ಕೆನೆ ಎಸಳಿನ ಬುಡ ನಾಲ್ಕೈದು ಸಲ ಮುಡಿಯುವಷ್ಟರಲ್ಲಿ ಹಳದಿ ತಿರುಗುತ್ತೆ. ಸೋಪಿನ ನೀರಿನಲ್ಲಿ ಮೆತ್ತನೆ ಬ್ರಷ್ಷಿನಿಂದ ಉಜ್ಜಿ, ತಣ್ಣೀರಿನಲ್ಲಿ ಜಾಲಿಸಿ, ನೆರಳಲ್ಲಿ ಒಣಗಿಸಿದರೆ ಅರ್ಧ ಹೋಗುತ್ತೆ. ಬಿಸಿನೀರು ಬೇಡ, ಅಂಟು ಸಡಿಲವಾಗುತ್ತೆ. ಫೆಲ್ಟ್ ಬಿಲ್ಲೆಯನ್ನು ಸ್ವಲ್ಪ ಅಗಲ ಮಾಡಿ, ಎಸಳಿನ ಬುಡ ಕೂದಲಿಗೆ ತಾಗದ ಹಾಗೆ ನೋಡುತ್ತಿದ್ದಾಳೆ. ಮುಂದಿನ ಬ್ಯಾಚಿಗೆ ಒಳಸುತ್ತನ್ನು ಕೆನೆಯ ಬದಲು ಚಿನ್ನದ ಬಣ್ಣದಲ್ಲಿ ಮಾಡೋಣವಾ ಅಂತ ಮೇಡಂ ಹತ್ತಿರ ಕೇಳಿದ್ದಾಳೆ.